ಮತ್ತೊಮ್ಮೆ ನೇಪಾಳಕ್ಕೆ

ಗೆಳೆಯರೇ, ಇವತ್ತು ಬ್ಯಾಡಗಿಯಲ್ಲಿ, ರಫೀಕನ ಅಪ್ಪನ ಮೆಣಸಿನಕಾಯಿ ಅಂಗಡಿಯಲ್ಲಿ ಕೂತು ನಾನು, ರಫೀಕ, ಬಸು ಮತ್ತೆ ನೇಪಾಳಕ್ಕೆ ಹೋಗುವ ಮಾತಾಡುತ್ತಿದ್ದೆವು. ಎಂಟು ವರ್ಷದ ಹಿಂದೆ, ನಾನು ಶಾಲೆ ಬಿಟ್ಟಾಗ, ಮೂವರೂ ಹೋಗಿದ್ದೆವು. ಹಿಮದ ಬೆಟ್ಟದ ಮುಂದೆ ನಿಂತ ನಮ್ಮ ಆಗಿನ ಫೋಟೊ ಅದೇ ಅಂಗಡಿಯ ಗೋಡೆಯ ಮೇಲಿತ್ತು.

"ಈ ಸಲಾನೂ ಅಲ್ಲೇ ನಿಂತು ತಗಸ್ರಿ," ಎಂದರು ರಫೀಕನ ಅಪ್ಪ.

"ಅದು ಸ್ಟುಡಿಯೋದಾಗಿನ ಪರದೆ, ಚಾಚಾ. ಮೋಡ ಮುಚ್ಚಿತ್ತು, ಗುಡ್ಡ ಕಾಣಲೇ ಇಲ್ಲ," ಎಂದೆ.

ಅವರು ಮಗನತ್ತ ತಿರುಗಿದರು. "ಖರೇನೇನೋ? ಬಂದ ಗಿರಾಕಿಗೆಲ್ಲಾ ತೋರಿಸೇನಲ್ಲೋ."

ಅವರು ಫೋಟೊ ಇಳಿಸಿ ಚೀಲಗಳ ಹಿಂದೆ ಇಟ್ಟರು.

ಹೊರಗೆ ಬಂದು ರಫೀಕ ನನಗೆ ಹೇಳಿದ, "ನೀ ಬರೂದಾದ್ರ ನಾ ಬರಂಗಿಲ್ಲಲೇ." ಬಸು ನನ್ನ ಮುಖ ನೋಡಲಿಲ್ಲ.

ನನ್ನೂರು ರಾಣೆಬೆನ್ನೂರಿಗೆ ಒಬ್ಬನೇ ಮರಳಿದೆ. ಪಾಸ್‌ಪೋರ್ಟ್ ಕೇಳದ ದೇಶಕ್ಕೂ ಹೋಗಲಾಗದಂತೆ ಮಾಡಿಕೊಂಡವನು ನಾನೊಬ್ಬನೇ ಇರಬೇಕು.