ಇತ್ತೊಕ್ ಬೆಟ್ಟದೆದುರಿನ ಸಬೀನಾ

ಎಪ್ಪತ್ತು ದಾಟಿದ ಮೇಲೂ ಸಬೀನಾ ತನ್ನ ಗಂಡನನ್ನು “ರೀ” ಎಂದೇ ಕರೆಯುತ್ತಿದ್ದಳು. ಗಂಡನಿಗೆ ಆಗ ಆರು ವರ್ಷ. ಎರಡು ಜಡೆ, ಮುಂದಿನ ಹಲ್ಲು ಬಿದ್ದಿತ್ತು.

ಗ್ರೀನ್‌ಲ್ಯಾಂಡಿನ ನಮ್ಮ ಕಡೆ ಸತ್ತವರ ಹೆಸರನ್ನು ಮುಂದೆ ಹುಟ್ಟುವ ಮಗುವಿಗೆ ಇಡುತ್ತೇವೆ. ಹೆಣ್ಣೋ ಗಂಡೋ ನೋಡುವುದಿಲ್ಲ. ಹೆಸರಿನ ಜೊತೆ ಸತ್ತವರೂ ಬಂದರು ಅಂತ ಲೆಕ್ಕ. ಸಬೀನಾಳ ಗಂಡ ಮಿತೆಕ್ ಸತ್ತ ವರ್ಷವೇ ನೆರೆಮನೆಯ ತಬಿತಾಳಿಗೆ ಹೆಣ್ಣುಮಗು ಆಯಿತು, ಅದಕ್ಕೆ ಮಿತೆಕ್ ಅಂತ ಹೆಸರಿಟ್ಟರು. ಅಂದಿನಿಂದ ಕಡಲಲ್ಲಿ ಬೇಟೆಯಾಡಿ ತಂದ ಸೀಲ್ ಪ್ರಾಣಿಯನ್ನು ಕೊಯ್ದಾಗ ಈಲಿಯ ಮೊದಲ ತುಂಡು ಆ ಮಗುವಿನ ಬಾಯಿಗೇ ಹೋಗುತ್ತಿತ್ತು. ಇಂಥ ಮಕ್ಕಳನ್ನು ಗದರುವ ಹಾಗಿಲ್ಲ. ಗದರಿದರೆ ಒಳಗೆ ಬಂದವರು ಮುನಿಸಿಕೊಂಡು ಹೊರಟುಹೋಗುತ್ತಾರೆ, ಮತ್ತೆ ಬರುವುದಿಲ್ಲ. ಊರಿನವರನ್ನೆಲ್ಲ ಬಾಯಿಗೆ ಬಂದ ಹಾಗೆ ಬೈಯುವ ಸಬೀನಾ ಆ ಹುಡುಗಿಯ ಮುಂದೆ ಮಾತ್ರ ಬೆಣ್ಣೆ.

ನನ್ನ ಗಂಡ ಎಲಿಯಾಸರ್‌ಗೆ ಇದೊಂದು ದೊಡ್ಡ ತಮಾಷೆ. ಸತ್ತ ಮಿತೆಕ್ ಹೆಂಡತಿ ಕರೆದಾಗಲೆಲ್ಲ ಏನನ್ನುತ್ತಿದ್ದನೋ ಅದನ್ನೇ ಹುಡುಗಿಗೆ ಕಲಿಸಿಬಿಟ್ಟಿದ್ದ. ಸಬೀನಾ “ರೀ, ಊಟಕ್ಕೆ ಬನ್ರೀ” ಅಂದರೆ ಆ ಪುಟ್ಟಿ ಸೊಂಟದ ಮೇಲೆ ಕೈ ಇಟ್ಟು, “ನೀನು ಚಾ ಇಡು, ಬರ್ತೀನಿ” ಅನ್ನುತ್ತಿದ್ದಳು. ಮೀನು ಕೊಯ್ಯುವವರೆಲ್ಲ ಕತ್ತಿ ಕೆಳಗಿಟ್ಟು ನಗುತ್ತಿದ್ದರು.

“ಆಗ್ಲೂ ಹಿಂಗೇ, ಈಗ್ಲೂ ಹಿಂಗೇ. ಸತ್ತರೂ ಬುದ್ಧಿ ಬರ್ಲಿಲ್ಲ ಈ ಮನುಷ್ಯಂಗೆ,” ಅನ್ನುತ್ತಿದ್ದಳು ಸಬೀನಾ. ಅವಳ ಕಣ್ಣು ಮಾತ್ರ ತುಂಬಿರುತ್ತಿತ್ತು.

ಮಿತೆಕ್‌ನನ್ನು ನುಂಗಿದ್ದು ಇತ್ತೊಕ್. ಇತ್ತೊಕ್ ಅಂದರೆ ಮುದುಕ, ಕೊಲ್ಲಿಯ ಆಚೆ ನಮ್ಮ ಮನೆಗಳಿಗೆ ಎದುರಾಗಿ ನಿಂತ ಬೆಟ್ಟ. ಅದರ ಬುಡದಲ್ಲಿ ಬೂದು-ಬಿಳಿ ಪಟ್ಟೆಯ ಗಟ್ಟಿ ಬಂಡೆ. ಅದರ ಮೇಲೆ ರೊಟ್ಟಿ ಪೇರಿಸಿದ ಹಾಗೆ ಕಪ್ಪು ಕಲ್ಲಿನ ಪದರಗಳು, ಎಲ್ಲವೂ ನೀರಿನ ಕಡೆಗೇ ವಾಲಿಕೊಂಡು. ನೆತ್ತಿಯ ಮೇಲೆ ಕರಗದ ಹಿಮದ ಟೊಪ್ಪಿ, ಬೆನ್ನ ಹಿಂದೆ ಕೊನೆಯೇ ಇಲ್ಲದ ಹಿಮದ ಬಯಲು. ಬೆಟ್ಟ ಮೊದಲ ಸಲ ಕಲ್ಲು ಉದುರಿಸಿದ ವಸಂತದಲ್ಲಿ, ಬುಡದ ಹೆಪ್ಪುಗಟ್ಟಿದ ಕಡಲ ಮೇಲೆ ಸೀಲ್‌ಗೆ ಕಾಯುತ್ತ ಕೂತಿದ್ದ ಮಿತೆಕ್ ಆ ಕಲ್ಲುಗಳಡಿ ಸಿಕ್ಕಿದ. ಹೆಣವೂ ಸಿಗಲಿಲ್ಲ.

ಆಮೇಲೆ ಚಳಿಗಾಲದಲ್ಲೂ ಮಳೆ ಬರತೊಡಗಿತು. ಕಲ್ಲಿನ ಶಾಸ್ತ್ರ ಓದಿದವರು ಹೆಲಿಕಾಪ್ಟರಿನಲ್ಲಿ ಬಂದರು, ಅದು ಎಷ್ಟು ಜರುಗುತ್ತಿದೆ ಅಂತ ಅಳೆಯಲು ಬೆಟ್ಟಕ್ಕೆ ಸರಳು ಬಡಿದರು. ಕಪ್ಪು ಪದರಗಳ ಸಂದಿನಲ್ಲಿ ಸಾವಿರಾರು ವರ್ಷದಿಂದ ಹೆಪ್ಪುಗಟ್ಟಿದ ನೀರೇ ಗಾರೆಯ ಹಾಗೆ ಬೆಟ್ಟವನ್ನು ಹಿಡಿದುಕೊಂಡಿದೆ, ಅದು ಈಗ ಕರಗುತ್ತಿದೆ ಅಂದರು. ನೆತ್ತಿಯ ಹಿಮದ ಹಿಂದೆ ಬಿರುಕು ಬಿಟ್ಟಿದೆ ಅಂದರು. ದೊಡ್ಡ ಸದ್ದು ಕೇಳಿದರೆ ದಡಕ್ಕೆ ಇಳಿಯಬೇಡಿ, ಗುಡ್ಡ ಹತ್ತಿ ಅಂತ ಕೈ ಮುಗಿಯುವುದೊಂದು ಬಾಕಿ.

ನಾವು ತಲೆಯಾಡಿಸಿದೆವು. ಆದರೆ ತಲೆ ಬೇರೆ, ಕಾಲು ಬೇರೆ. ನಮ್ಮ ಕೊಲ್ಲಿಯಲ್ಲಿ ತೇಲುವ ಹಿಮದ ಗುಡ್ಡೆಗಳು ಆಗಾಗ ಮಗುಚುತ್ತವೆ. ಫಿರಂಗಿ ಸಿಡಿದ ಹಾಗೆ ಸದ್ದು, ಹಿಂದೆಯೇ ಅಲೆ. ಸದ್ದು ಕಿವಿಗೆ ಬಿದ್ದ ಕೂಡಲೇ ದಡಕ್ಕೆ ಓಡಿ ದೋಣಿ ಎಳೆಯಬೇಕು, ಕಟ್ಟಿದ ನಾಯಿಗಳನ್ನು ಬಿಚ್ಚಬೇಕು. ಓಡದವನು ಸೋಮಾರಿ. ಮಕ್ಕಳೂ ನಾಯಿಮರಿಗಳನ್ನು ಎತ್ತಿಕೊಳ್ಳಲು ಓಡುತ್ತಾರೆ. ನಡೆಯಲು ಕಲಿತಾಗಿನಿಂದ ನಾವು ಕಲಿತದ್ದು ಇದು.

ಪುಟ್ಟಿಗೆ ಆರು ವರ್ಷವಾದ ಆ ಬೇಸಿಗೆ ಬೆಟ್ಟದ ಮೈಮೇಲೆ ದಿನವೂ ಕಂದು ಧೂಳು ಹೊಗೆಯಾಡುತ್ತಿತ್ತು. ಎರಡನೇ ಹೆರಿಗೆಗೆ ಪಟ್ಟಣದ ಆಸ್ಪತ್ರೆಗೆ ಹೋದ ತಬಿತಾ ಮಗಳನ್ನು ಸಬೀನಾಳ ಹತ್ತಿರ ಬಿಟ್ಟಿದ್ದಳು. ನನ್ನ ಕಾಲು ಮುರಿದು ಪಟ್ಟಿ ಹಾಕಿತ್ತು. ಅವತ್ತು ಮಧ್ಯಾಹ್ನ ಮೇಲಿನ ಬಂಡೆಯ ಮೇಲೆ ನಾನೂ ಸಬೀನಾಳೂ ಕೂತು ಮೀನು ಸೀಳಿ ಒಣಹಾಕುತ್ತಿದ್ದೆವು.

ಸದ್ದು ಬಂತು. ಬಂದದ್ದು ನಿಲ್ಲಲಿಲ್ಲ.

ಎಲಿಯಾಸರ್ ಮನೆಯಿಂದ ಹಾರಿಬಂದು ದಡಕ್ಕೆ ಓಡಿದ. ಮಿತೆಕ್ ಪುಟ್ಟಿಯೂ ಮರಿಗಳ ಕಡೆಗೆ ಓಡಿದಳು. ಸಬೀನಾ ಕೊಲ್ಲಿಯ ಕಡೆ ನೋಡಿದಳು. ಹಿಮದ ಗುಡ್ಡೆಗಳೆಲ್ಲ ಅಲ್ಲಾಡದೆ ನಿಂತಿದ್ದವು. ತಲೆ ಎತ್ತಿದರೆ ಮುದುಕನ ನೆತ್ತಿಯ ಹಿಮ ನಡುವೆ ಸೀಳಿ ಕೆಳಗೆ ಜಾರುತ್ತಿತ್ತು.

“ಯುದಿತಾ, ಹಿಮದ ಗುಡ್ಡೆಯಲ್ಲ ಕಣೇ, ಬೆಟ್ಟ!” ಅಂದಳು.

ನಾನು ಗಂಟಲು ಹರಿಯುವ ಹಾಗೆ ಕೂಗಿದೆ. ಎಲಿಯಾಸರ್ ಬಂದೆ ಬಂದೆ ಅಂತ ಕೈ ಬೀಸಿ ದೋಣಿಯ ಹಗ್ಗ ಹಿಡಿದ.

“ರೀ! ಮೇಲಕ್ಕೆ ಬನ್ರೀ!” ಸಬೀನಾ ಕೂಗಿದಳು.

ಹುಡುಗಿ ಕಂಕುಳಲ್ಲಿ ಮರಿ ಇಟ್ಟುಕೊಂಡು ತಿರುಗಿದಳು. ಬೊಚ್ಚು ಬಾಯಿ ಅಗಲಿಸಿ ನಕ್ಕಳು. “ನೀನು ಚಾ ಇಡು, ಬರ್ತೀನಿ!”

ಸಬೀನಾಳ ಮುಖ ನಾನು ನೋಡಿದೆ. ನೋಡಬಾರದಿತ್ತು.

“ಏಯ್! ನೀನು ಮಿತೆಕ್ ಅಲ್ಲ!” ಅವಳ ದನಿ ಒಡೆದುಹೋಯಿತು. “ನನ್ನ ಗಂಡ ಸತ್ತು ಮಣ್ಣಾದ! ನೀನು ತಬಿತಾಳ ಮಗಳು, ಮೂರು ಕಾಸಿನ ಹುಡುಗಿ! ಬರ್ತೀಯೋ, ಬಂದು ಚರ್ಮ ಸುಲೀಲೋ?”

ಹುಟ್ಟಿದಾಗಿನಿಂದ ಒಂದು ಗಟ್ಟಿ ಮಾತು ಕೇಳದ ಮಗು ಅದು. ಮರಿಯನ್ನು ಕೈಬಿಟ್ಟು, ಬಾಯಿ ಬಡಿದುಕೊಂಡು ಅಳುತ್ತ ಗುಡ್ಡ ಹತ್ತಿ ಓಡಿಬಂದಳು. ಅವಳು ಕೈಗೆ ಸಿಕ್ಕ ಹೊತ್ತಿಗೆ ಕಡಲು ದಡದಿಂದ ಹಿಂದೆ ಸರಿದು, ಎಂದೂ ಕಾಣದ ತಳದ ಕಲ್ಲು ಕಾಣಿಸುತ್ತಿತ್ತು. ಆಮೇಲೆ ಬಂದದ್ದು ಅಲೆಯಲ್ಲ, ಗೋಡೆ. ಅದು ನಮ್ಮ ಬಂಡೆಯ ಕೆಳಗಿನ ಮನೆಗಳವರೆಗೆ ಏರಿ, ದೋಣಿ, ನಾಯಿ, ಮನೆ ಎಲ್ಲ ಬಾಚಿಕೊಂಡು ಹೋಯಿತು. ನನ್ನ ಎಲಿಯಾಸರ್ ಅದರೊಳಗಿದ್ದ.

ಊರನ್ನು ಮುಚ್ಚಿದರು. ಬೆಟ್ಟದ ಅರ್ಧ ಇನ್ನೂ ನೇತಾಡುತ್ತಿದೆಯಂತೆ. ನಮ್ಮನ್ನು ಪಟ್ಟಣದ ದೊಡ್ಡ ಕಟ್ಟಡವೊಂದಕ್ಕೆ ತಂದು ತುಂಬಿದರು. ಪುಟ್ಟಿ ಸಬೀನಾಳನ್ನು ಕಂಡರೆ ಅಮ್ಮನ ಹಿಂದೆ ಅಡಗುತ್ತಿದ್ದಳು. ಸಬೀನಾಳೂ ಕರೆಯಲು ಹೋಗಲಿಲ್ಲ. ಹೋದವರನ್ನು ಕರೆದು ಪ್ರಯೋಜನವಿಲ್ಲ ಅಂತ ಅವಳಿಗೆ ಗೊತ್ತಿತ್ತು. ಬೈಯುವುದನ್ನೂ ಬಿಟ್ಟಳು. ಅದು ನನಗೆ ಬೆಟ್ಟದ ಸದ್ದಿಗಿಂತ ಹೆಚ್ಚು ಹೆದರಿಕೆ ತಂದಿತು.

ತಬಿತಾಳ ಕೂಸು ಗಂಡು. ಅವಳು ಅದನ್ನು ಎತ್ತಿಕೊಂಡು ಸಬೀನಾಳ ಕೋಣೆಗೆ ಬಂದಳು. ನಾನೂ ಅಲ್ಲೇ ಇದ್ದೆ.

“ಸಬೀನಮ್ಮಾ, ನನ್ನ ಮಗಳನ್ನ ಉಳಿಸ್ಕೊಟ್ರಿ. ಇದಕ್ಕೆ ಮಿತೆಕ್ ಅಂತ್ಲೇ ಇಡ್ತೀನಿ. ಅವರು ವಾಪಸ್ ಬರ್ಲಿ.”

ಸಬೀನಾ ಕೂಸನ್ನು ಬಹಳ ಹೊತ್ತು ನೋಡಿದಳು. ಕೈ ಮುಂದೆ ಬಂತು, ಹಿಂದೆ ಹೋಯಿತು.

“ಬೇಡ. ಎಲಿಯಾಸರ್ ಅಂತ ಇಡು.”

“ಎರಡೂ ಇಡೋಣ ಬಿಡಿ.”

“ಒಂದು ಕೂಸಿಗೆ ಇಬ್ಬರು ಹೆಂಡಿರ ಕಾಟ ಯಾಕೆ?” ಅಂದಳು ಸಬೀನಾ, ಆ ದಿನದ ನಂತರ ಮೊದಲ ಸಲ ಹಳೆಯ ದನಿಯಲ್ಲಿ. “ನಾನು ಮುದುಕಿ. ನನಗೆ ಅವರ ಜೊತೆ ಮತ್ತೆ ಆರು ವರ್ಷ ಸಿಕ್ಕಿತ್ತು. ಇವಳಿಗೇನು ಸಿಕ್ಕಿದೆ?”

ಕೂಸನ್ನು ತೆಗೆದು ನನ್ನ ತೊಡೆಯ ಮೇಲೆ ಮಲಗಿಸಿದಳು. ನಾನು ಅದರ ಬಟ್ಟೆ ಸರಿಮಾಡುತ್ತ ಕೂತೆ. ಸಬೀನಾ ಮೊಣಕೈಯಿಂದ ತಿವಿದಳು.

“ಮಾತಾಡ್ಸೇ. ಅಷ್ಟು ದೂರದಿಂದ ಬಂದಿದ್ದಾರೆ.”