ಬಿದ್ದವನ ಕೈ

ಅವರ ಎಡಗಾಲಿನಲ್ಲಿ, ಮೊಣಕಾಲಿಗೂ ಪಾದಕ್ಕೂ ನಡುವೆ, ಮೂಳೆಯ ಮೇಲೆ ಹೆಬ್ಬೆರಳು ಕೂರುವಷ್ಟು ಒಂದು ತಗ್ಗಿತ್ತು. ಭಾನುವಾರ ಬೆಳಿಗ್ಗೆ ಆಟ ಶುರುವಾಗುವ ಮುಂಚೆ ಕಾಲುಚೀಲ ಇಳಿಸಿ, ಹಸಿರು ಬಣ್ಣದ ನೋವಿನೆಣ್ಣೆಯನ್ನು ಅದಕ್ಕೆ ತಿಕ್ಕುತ್ತ ಕೂರುತ್ತಿದ್ದರು. ತಂಡಕ್ಕೆ ಹೊಸಬರು ಯಾರೇ ಬಂದರೂ ಅವರ ಕೈ ಹಿಡಿದು ಆ ತಗ್ಗಿನ ಮೇಲೆ ಇಡಿಸುತ್ತಿದ್ದರು. “ಮುಟ್ಟಿ ನೋಡು, ಹೆದರಬೇಡ.” ನಾನೂ ಮುಟ್ಟಿದ್ದೇನೆ. ಎಣ್ಣೆಯ ಜಿಡ್ಡು, ಕೆಳಗೆ ಒರಟು ಮೂಳೆ. ಎಲ್ಲರಿಗೂ ಅದನ್ನು ಮುಟ್ಟಿಸಿ ಏನನ್ನು ಸಾಬೀತು ಮಾಡುತ್ತಿದ್ದಾರೆಂದು ನನಗೆ ಆಗ ಗೊತ್ತಾಗಲಿಲ್ಲ.

ನಾವೆಲ್ಲ ಅವರನ್ನು ಕೋಚ್ ಎಂದೇ ಕರೆಯುತ್ತಿದ್ದೆವು. ಸಿಂಗಪುರದ ಟ್ಯಾಂಪಿನೀಸ್‌ನಲ್ಲಿ ನಮ್ಮ ವಸತಿ ಬ್ಲಾಕಿನ ಹಿಂದೆ ಒಂದು ಹುಲ್ಲು ಮೈದಾನವಿದೆ. ವಾರಕ್ಕೊಮ್ಮೆ ಅಲ್ಲಿ ಫುಟ್ಬಾಲ್ ಆಡುತ್ತಿದ್ದ ನಮ್ಮಲ್ಲಿ ಬೆಂಗಳೂರು, ಮೈಸೂರು, ಉಡುಪಿಯ ಕಡೆಯವರೇ ಹೆಚ್ಚು. ಹೊಟ್ಟೆ ಬಂದವರು, ಮೊಣಕಾಲಿಗೆ ಪಟ್ಟಿ ಸುತ್ತಿದವರು. ಆರಡಿ ಮೂರಂಗುಲದ ಡಚ್ಚರಾದ ಅವರು ನಮ್ಮೊಳಗೆ ಹೇಗೆ ಬಂದು ಸೇರಿದರೆಂದು ನನಗಿಂತ ಹಳಬರಿಗೂ ಸರಿಯಾಗಿ ನೆನಪಿಲ್ಲ. ಮೈದಾನದ ಆಚೆಗಿನ ಬ್ಲಾಕಿನ ಏಳನೇ ಮಹಡಿಯಲ್ಲಿ ಅವರ ಮನೆ. ಒಂದು ದಿನ ಕಿಟಕಿಯಿಂದ ನಮ್ಮ ಆಟ ನೋಡಿ ತಡೆಯಲಾಗದೆ ಇಳಿದು ಬಂದರಂತೆ. “ಮೇಲಿಂದ ನೋಡೋಕಾಗ್ತಿರಲಿಲ್ಲ, ಅಷ್ಟು ಕೆಟ್ಟದಾಗಿ ಆಡ್ತಿದ್ರಿ” ಎಂದು ಅವರೇ ಹೇಳುತ್ತಿದ್ದರು. ಅವರು ಮಾತಾಡುತ್ತಿದ್ದುದು ಇಂಗ್ಲಿಷ್. ಆದರೆ ನಮ್ಮಿಂದ ಕಲಿತ ಒಂದು ಪದವನ್ನು ಅದರೊಳಗೆ ಎಲ್ಲೆಂದರಲ್ಲಿ ತೂರಿಸುತ್ತಿದ್ದರು: ‘ಮಗಾ’. ಪಾಸ್ ತಪ್ಪಿದರೆ ಮಗಾ, ಗೋಲು ಹೊಡೆದರೆ ಮಗಾ. ಹೆಂಡತಿ ಫೋನ್ ಮಾಡಿದರೂ “ಬಂದೆ ಮಗಾ” ಎನ್ನುತ್ತಿದ್ದರು.

ನಾನು ಮೈದಾನಕ್ಕೆ ಮೊದಲ ಸಲ ಹೋದಾಗ ಸಿಂಗಪುರಕ್ಕೆ ಬಂದು ಎರಡು ತಿಂಗಳಾಗಿತ್ತು. ಚಾಂಗಿ ವಿಮಾನ ನಿಲ್ದಾಣದ ಹತ್ತಿರ ವಿಮಾನದ ಬಿಡಿಭಾಗಗಳನ್ನು ಪರೀಕ್ಷಿಸುವ ಕೆಲಸ. ದಿನವಿಡೀ ದೀಪದ ಕೆಳಗೆ ಲೋಹದ ತುಂಡುಗಳನ್ನು ತಿರುಗಿಸಿ ತಿರುಗಿಸಿ ಕೂದಲೆಳೆಯಷ್ಟು ಬಿರುಕು ಇದೆಯೇ ಎಂದು ಹುಡುಕಬೇಕು. ಸಂಜೆ ಮನೆಗೆ ಬಂದರೆ ಮಾತಾಡಲು ಯಾರೂ ಇರಲಿಲ್ಲ. ಮೈದಾನದಲ್ಲಿ ಹತ್ತು ನಿಮಿಷ ಆಡುವಷ್ಟರಲ್ಲಿ ಕೋಚ್ ಕೈ ಬೀಸಿ ನನ್ನನ್ನು ಹೊರಗೆ ಕರೆದರು. ಕಳಿಸಿಬಿಡುತ್ತಾರೆ ಅಂದುಕೊಂಡೆ.

“ಕಾಲು ತುಂಬ ನಿಧಾನ. ಏನು ಕೆಲಸ ಮಾಡ್ತೀಯ?”

ಹೇಳಿದೆ. ತಮ್ಮ ಕೊರಳಿನಿಂದ ಸೀಟಿಯನ್ನು ತೆಗೆದು ನನ್ನ ಕೊರಳಿಗೆ ಹಾಕಿದರು. ಜೇಬಿನಿಂದ ಒಂದು ಹಳದಿ, ಒಂದು ಕೆಂಪು ಕಾರ್ಡು ತೆಗೆದುಕೊಟ್ಟರು. “ಇವತ್ತಿಂದ ನೀನು ರೆಫ್ರಿ. ಬಿರುಕು ಹುಡುಕೋ ಕಣ್ಣು ಬೇಕು ನಮಗೆ.” ಅಂದಿನಿಂದ ಅವರ ಬಾಯಲ್ಲಿ ನನ್ನ ಹೆಸರು ‘ರೆಫ್’ ಆಯಿತು. ಈ ಊರಿನಲ್ಲಿ ನನಗೆ ಸಿಕ್ಕ ಮೊದಲ ಜಾಗ ಅದು. ಕಚೇರಿಯ ಮೇಜಲ್ಲ, ಬಾಡಿಗೆ ಕೋಣೆಯೂ ಅಲ್ಲ.

ಆಟ ಮುಗಿದ ಮೇಲೆ ಹಾಕರ್ ಸೆಂಟರಿನ ತಿಂಡಿ ಅಂಗಡಿಯೊಂದರಲ್ಲಿ ಕಾಫಿ ಕುಡಿಯುತ್ತ ತಮ್ಮ ಕಥೆಯನ್ನು ತುಂಡು ತುಂಡಾಗಿ ಹೇಳುತ್ತಿದ್ದರು. ಡಚ್ ನಾಡಿನ ಉತ್ತರದ ಒಂದು ಸಣ್ಣ ಊರು. ಅಪ್ಪ ಹಳ್ಳಿ ಹಳ್ಳಿ ತಿರುಗಿ ಹಾಲು ತುಂಬಿಸುವ ಲಾರಿಯ ಚಾಲಕ. ಹದಿನೇಳನೇ ವಯಸ್ಸಿಗೆ ಎರಡನೇ ದರ್ಜೆಯ ಕ್ಲಬ್ಬಿನಲ್ಲಿ ಸ್ಟ್ರೈಕರ್. ಅಲ್ಲಿಂದ ದೊಡ್ಡ ಕ್ಲಬ್ಬಿಗೆ ಹೋದರು, ಎರಡು ವರ್ಷ ಗೋಲುಗಳ ಮೇಲೆ ಗೋಲು, ಆಮೇಲೆ ದೇಶದ ತಂಡದಿಂದ ಕರೆ. ಕಿತ್ತಳೆ ಬಣ್ಣದ ಅಂಗಿಯನ್ನು ಅವರು ತೊಟ್ಟದ್ದು ಬರೀ ನಾಲ್ಕು ಸಲ, ಗೋಲು ಒಂದೇ. ಬಳಿಕ ಬೆಲ್ಜಿಯಂ, ಟರ್ಕಿ, ಎಲ್ಲೆಲ್ಲೋ ಒಂದೊಂದು ವರ್ಷ. ಕಾಲು ಸೋಲತೊಡಗಿದಾಗ ಇಲ್ಲಿನ ಒಂದು ಕ್ಲಬ್ಬಿಗೆ ಒಂದೇ ಒಂದು ಋತು ಆಡಲು ಬಂದವರು, ಸ್ಟೇಡಿಯಮ್ಮಿನ ಟಿಕೆಟ್ ಕೌಂಟರಿನಲ್ಲಿ ಕೂರುತ್ತಿದ್ದ ಚೀನೀ ಹುಡುಗಿಯನ್ನು ಮದುವೆಯಾಗಿ ಇಲ್ಲೇ ಉಳಿದರು. ಅವರೇ ನಾವು ಆಂಟಿ ಎನ್ನುತ್ತಿದ್ದವರು.

“ಸ್ಟ್ರೈಕರ್‌ಗೆ ಎರಡೇ ಕೆಲಸ ಮಗಾ,” ಎನ್ನುತ್ತಿದ್ದರು. “ಕಾಯೋದು, ನಂಬಿಸೋದು.”

ನಂಬಿಸುವುದರಲ್ಲಿ ಅವರು ನಿಸ್ಸೀಮರು. ಗೋಲಿನ ಮುಂದೆ ಯಾರಾದರೂ ಹತ್ತಿರ ಬಂದರೆ ಸಾಕು, ಗುಂಡೇಟು ತಿಂದವರಂತೆ ಬಿದ್ದು ಉರುಳಿ ಪೆನಾಲ್ಟಿ ಕೇಳುತ್ತಿದ್ದರು. ಐವತ್ತೆಂಟರ ವಯಸ್ಸಿನಲ್ಲಿ! ಕಾಸಿನ ಬೆಲೆಯೂ ಇಲ್ಲದ ನಮ್ಮ ಭಾನುವಾರದ ಆಟದಲ್ಲಿ! ನಮ್ಮ ಗೋಲ್‌ಕೀಪರ್ ಉಡುಪಿಯವನು, ಮಹಾ ತರಲೆ. ಒಮ್ಮೆ ಅವನು ಬಾಕ್ಸಿಂಗ್‌ನಲ್ಲಿ ಎಣಿಸುವಂತೆ ಬಿದ್ದವರ ಪಕ್ಕ ನಿಂತು ಕನ್ನಡದಲ್ಲಿ “ಒಂದು, ಎರಡು” ಎಂದು ಶುರುಮಾಡಿದ. ಎಲ್ಲರೂ ದನಿಗೂಡಿಸಿದರು. ಒಂಬತ್ತಕ್ಕೆ ಕೋಚ್ ತಲೆಯೆತ್ತಿ, “ಪೆನಾಲ್ಟಿ?” ಎಂದು ಕೇಳಿದರು. ಅಲ್ಲಿಂದ ಅದು ನಮ್ಮ ಪದ್ಧತಿಯಾಯಿತು. ಅವರು ಬೀಳುವುದು, ನಾವು ಎಣಿಸುವುದು, ಒಂಬತ್ತಕ್ಕೆ ಸರಿಯಾಗಿ ಅವರು ತಲೆಯೆತ್ತುವುದು, ನಾನು ನಾಟಕಕ್ಕೆಂದು ಹಳದಿ ಕಾರ್ಡು ತೋರಿಸುವುದು.

ಒಂದು ಸಲ ಮಾತ್ರ ನಾನು ಮೋಸಹೋಗಿ ಪೆನಾಲ್ಟಿ ಕೊಟ್ಟುಬಿಟ್ಟೆ. ಗೋಲು ಹೊಡೆದು, ಆಟ ಮುಗಿದ ಮೇಲೆ ನನ್ನನ್ನು ಪಕ್ಕಕ್ಕೆ ಕರೆದು ಬೈದರು. “ರೆಫ್, ನೀನು ನನ್ನ ಮುಖ ನೋಡಿದೆ. ಮುಖ ನೋಡಬಾರದು. ಕೈ ನೋಡು. ನಾಟಕ ಮಾಡೋನು ಬೀಳೋವಾಗ ಕೈ ಊರ್ತಾನೆ, ಪೆಟ್ಟಾಗಬಾರದಲ್ಲ. ನಿಜವಾಗಿ ಬೀಳೋನಿಗೆ ಕೈ ಇದೆ ಅನ್ನೋದೇ ನೆನಪಿರಲ್ಲ.”

ಆವತ್ತೇ ಆ ತಗ್ಗಿನ ಕಥೆಯನ್ನೂ ಹೇಳಿದರು. ನಾಲ್ಕನೆಯ, ಅಂದರೆ ಕೊನೆಯ, ಅಂತರರಾಷ್ಟ್ರೀಯ ಪಂದ್ಯ. ಗೋಲಿನೆದುರು ಡಿಫೆಂಡರ್‌ನ ಬೂಟು ನೇರ ಮೂಳೆಗೆ ಬಡಿಯಿತು. ಆದರೆ ಕ್ಲಬ್ಬಿನ ಆಟಗಳಲ್ಲಿ ಬಿದ್ದು ಬಿದ್ದು ಆಗಲೇ ಅವರಿಗೆ ‘ನಟ’ ಎಂಬ ಹೆಸರಾಗಿತ್ತು. ರೆಫ್ರಿ ಕಾಲನ್ನೂ ನೋಡದೆ ಹಳದಿ ಕಾರ್ಡು ತೋರಿಸಿದ. ತಮ್ಮ ತಂಡದವರಾದರೂ ಬಂದು ಎಬ್ಬಿಸುತ್ತಾರೆ ಎಂದು ಕಾದರು. ಯಾರೂ ಬರಲಿಲ್ಲ. ಬಿರುಕುಬಿಟ್ಟ ಕಾಲಿನಲ್ಲೇ ಎದ್ದು ಹತ್ತು ನಿಮಿಷ ಆಡಿದರು. ಡ್ರೆಸ್ಸಿಂಗ್ ರೂಮಿನಲ್ಲಿ ಬೂಟು ಕಳಚಿದಾಗಲೇ ಜನ ನಂಬಿದ್ದು. ಕಾಲು ವಾಸಿಯಾಗುವಷ್ಟರಲ್ಲಿ ಆ ಜಾಗಕ್ಕೆ ಬೇರೊಬ್ಬ ಬಂದಿದ್ದ. ಮತ್ತೆ ಕರೆ ಬರಲೇ ಇಲ್ಲ.

“ಹಾಗಿದ್ದೂ ಈಗಲೂ ಯಾಕೆ ಬೀಳ್ತೀರಿ ಕೋಚ್?” ಎಂದು ಕೇಳಿದೆ.

ಕಾಫಿಯ ಲೋಟವನ್ನು ಮೇಜಿನ ಮೇಲೆ ತಿರುಗಿಸಿದರು. “ನೀವು ನಗ್ತೀರಲ್ಲ. ಅಲ್ಲಿ ಯಾರೂ ನಗ್ತಿರಲಿಲ್ಲ.”

ಅದು ಡಚ್ಚರ ಕಿತ್ತಳೆ ತಂಡ ವಿಶ್ವಕಪ್ಪಿಗೆ ಅರ್ಹತೆಯನ್ನೇ ಪಡೆಯದ ವರ್ಷ. ನಾನು ಮರೆಯಲಾರದ ಆ ಭಾನುವಾರವೂ ಗೋಲ್‌ಕೀಪರ್ ಅದನ್ನೇ ಎತ್ತಿಕೊಂಡು ಕೆಣಕುತ್ತಿದ್ದ. “ಕೋಚ್, ನಿಮ್ಮನ್ನ ಕರೀಬೇಕಿತ್ತು. ನಾಲ್ಕು ಪೆನಾಲ್ಟಿ ಗಿಟ್ಟಿಸ್ತಿದ್ರಿ.” ಅವರು ನಕ್ಕರು. ಎಂದಿನಷ್ಟು ನಗಲಿಲ್ಲ ಎಂದು ಈಗ ಅನ್ನಿಸುತ್ತದೆ. ಆಗ ಅನ್ನಿಸಿತ್ತೋ ಇಲ್ಲವೋ ಗೊತ್ತಿಲ್ಲ. ಎಣ್ಣೆಯನ್ನು ಕಾಲಿಗೆ ತಿಕ್ಕಿ, ಉಳಿದದ್ದನ್ನು ಎಡಭುಜಕ್ಕೂ ತಿಕ್ಕಿಕೊಂಡರು. ಇದು ಮಾತ್ರ ಖಚಿತವಾಗಿ ನೆನಪಿದೆ.

ಎರಡು ತಂಡಗಳೂ ಸಮ. ಮುಗಿಸುವ ಸೀಟಿ ಊದಲು ಎರಡು ಮೂರು ನಿಮಿಷವಿತ್ತು. ಕೋಚ್ ಎಂದಿನಂತೆ ಗೋಲಿನ ಹತ್ತಿರ ಕಾಯುತ್ತಿದ್ದರು. ಬಲಗಡೆಯಿಂದ ಚೆಂಡು ಬಂತು. ಅದರತ್ತ ಒಂದು ಹೆಜ್ಜೆ ಇಟ್ಟು ಮುಗ್ಗರಿಸಿ ಮುಖ ಅಡಿಯಾಗಿ ಬಿದ್ದರು. ಗೋಲ್‌ಕೀಪರ್ ಎರಡೂ ಕೈ ಮೇಲೆತ್ತಿ, “ರೆಫ್, ಮುಟ್ಟೇ ಇಲ್ಲ! ದೇವರಾಣೆ ಮುಟ್ಟಿಲ್ಲ!” ಎಂದು ಕೂಗಿದ. ಎಲ್ಲರೂ ಗೊಳ್ಳೆಂದು ನಕ್ಕರು. ನಾನು ಓಡಿಹೋಗಿ ಹಳದಿ ಕಾರ್ಡನ್ನು ಅವರ ಬೆನ್ನ ಮೇಲೆ ಎತ್ತಿ ಹಿಡಿದೆ.

ಎಣಿಕೆ ಶುರುವಾಯಿತು. ಒಂಬತ್ತು ಬಂತು, ತಲೆ ಏಳಲಿಲ್ಲ. ಹತ್ತಕ್ಕೆ ಮತ್ತಷ್ಟು ನಗು. “ಇವತ್ತು ಎಕ್ಸ್‌ಟ್ರಾ ಟೈಮ್ ಬೇಕಂತೆ ಕಣ್ರೋ!” ಎಂದು ಯಾರೋ ಕೂಗಿದರು. ಹನ್ನೊಂದು, ಹನ್ನೆರಡು. ನಾನೂ ಎಣಿಸುತ್ತಿದ್ದೆ. ಹದಿನೆಂಟರ ಹೊತ್ತಿಗೆ ದನಿಗಳು ಕಡಿಮೆಯಾದವು. ಇಪ್ಪತ್ತಮೂರನ್ನು ಹೇಳಿದವನು ನಾನೊಬ್ಬನೇ.

ಗೋಲ್‌ಕೀಪರ್ ಅವರನ್ನು ಹೊರಳಿಸಿದ. ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ಅವನು ಗಾಬರಿಯಲ್ಲಿ ತುಳುವಿನಲ್ಲಿ ಏನೇನೋ ಕೂಗುತ್ತ ಎದೆ ಒತ್ತತೊಡಗಿದ. ಹೃದಯಕ್ಕೆ ವಿದ್ಯುತ್ ಆಘಾತ ಕೊಡುವ ಯಂತ್ರದ ಪೆಟ್ಟಿಗೆ ನಮ್ಮ ಬ್ಲಾಕಿನ ಲಿಫ್ಟಿನ ಪಕ್ಕದ ಗೋಡೆಯಲ್ಲಿತ್ತು. ದಿನವೂ ಅದರ ಮುಂದೆ ನಿಂತೇ ಲಿಫ್ಟಿಗೆ ಕಾಯುತ್ತಿದ್ದೆ. ಓಡಿದೆ. ಕೋಚ್ ಹೇಳಿದ್ದು ಸರಿ, ನನ್ನ ಕಾಲು ನಿಧಾನ. ತಂದ ಮೇಲೆ ಯಂತ್ರದೊಳಗಿನ ಹೆಂಗಸಿನ ದನಿ, ಏನೂ ಆಗಿಲ್ಲವೆಂಬಂತೆ, ಅಂಗಿ ಬಿಚ್ಚಿ, ಪಟ್ಟಿ ಅಂಟಿಸಿ, ದೂರ ಸರಿಯಿರಿ ಎಂದು ಒಂದೊಂದಾಗಿ ಹೇಳಿತು. ನಾವು ಹದಿಮೂರು ಜನ ದೂರ ಸರಿದು ನಿಂತೆವು. ಅಷ್ಟು ದೊಡ್ಡ ದೇಹ ಹುಲ್ಲಿನ ಮೇಲೆ ಒಮ್ಮೆ ಎಗರಿ ಬಿತ್ತು. ಆಂಬುಲೆನ್ಸ್ ಬರುವಾಗಲೂ ಹಳದಿ ಕಾರ್ಡು ನನ್ನ ಎಡಗೈಯಲ್ಲೇ ಇತ್ತು.

ನಾಲ್ಕು ದಿನ ಆಸ್ಪತ್ರೆಯಲ್ಲಿದ್ದರು. ಎಚ್ಚರವಾಗಲೇ ಇಲ್ಲ. ನಾವು ಎಣಿಸುತ್ತ ಕಳೆದ ಆ ಅರ್ಧ ನಿಮಿಷದಿಂದ ವ್ಯತ್ಯಾಸವಾಗುತ್ತಿತ್ತೇ ಎಂದು ವೈದ್ಯರನ್ನು ಕೇಳಿದೆ. “ಆಗ್ತಿತ್ತು ಅಂತಲೂ ಹೇಳೋಕಾಗಲ್ಲ, ಇಲ್ಲ ಅಂತಲೂ ಹೇಳೋಕಾಗಲ್ಲ” ಎಂದರು. ನನ್ನನ್ನು ಸಮಾಧಾನಪಡಿಸಲೆಂದೇ ಹಾಗೆಂದರೇನೋ. ಅದಕ್ಕಿಂತ ಕ್ರೂರವಾದ ಉತ್ತರ ಮತ್ತೊಂದಿರಲಾರದು.

ಅವರ ಬ್ಲಾಕಿನ ಕೆಳಗೆ, ತೆರೆದ ನೆಲಮಹಡಿಯ ವಾಯ್ಡ್ ಡೆಕ್‌ನಲ್ಲಿ, ಮೂರು ದಿನ ದೇಹವನ್ನು ಇಟ್ಟಿದ್ದರು. ಚೀನೀಯರ ಪದ್ಧತಿಯಂತೆ ದುಂಡು ಮೇಜುಗಳು, ತಟ್ಟೆಗಳಲ್ಲಿ ಶೇಂಗಾ. ಫೋಟೋದಲ್ಲಿ ಕಿತ್ತಳೆ ಅಂಗಿ ತೊಟ್ಟ, ಕೂದಲು ಭುಜಕ್ಕಿಳಿದ ಯುವಕ. ಗೋಲ್‌ಕೀಪರ್ ದೂರದ ಮೇಜಿನಲ್ಲಿ ನನಗೆ ಬೆನ್ನುಮಾಡಿ ಕೂತಿದ್ದ. ಆಂಟಿ ನನ್ನ ಪಕ್ಕ ಬಂದು ಕೂತರು.

“ನೀನು ಅಲ್ಲೇ ಇದ್ದೆಯಲ್ಲ?”

“ಇದ್ದೆ ಆಂಟಿ.”

“ಬಿದ್ದ ಕೂಡಲೇ ನೋಡಿದ್ಯಾ? ಒಬ್ಬರೇ ಬಿದ್ದಿರಲಿಲ್ಲ ತಾನೇ? ಅವರಿಗೆ ಅದೊಂದೇ ಭಯ. ಬಿದ್ದಾಗ ಯಾರೂ ಬರಲ್ಲ ಅಂತ ಕನಸು ಬೀಳ್ತಿತ್ತು, ಇಷ್ಟು ವರ್ಷ ಆದ್ಮೇಲೂ.”

ಹೇಳಬೇಕಾದ ಮಾತು ನನ್ನ ಬಾಯಿಯವರೆಗೂ ಬಂದಿತ್ತು. ನಾವು ಸುತ್ತ ನಿಂತು ನಗುತ್ತಿದ್ದೆವು ಎನ್ನಬೇಕಿತ್ತು.

“ಕೂಡಲೇ ಓಡಿದೆ ಆಂಟಿ,” ಎಂದೆ.

ಆಕೆ ನನ್ನ ಕೈಯನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡರು. “ಗೊತ್ತು. ರೆಫ್‌ಗೆ ಒಳ್ಳೇ ಕಣ್ಣು, ಏನೂ ತಪ್ಪಿಹೋಗಲ್ಲ ಅಂತ ಯಾವಾಗಲೂ ಹೇಳ್ತಿದ್ರು.”

ಆಮೇಲೆ ಭಾನುವಾರದ ಆಟ ನಿಂತುಹೋಯಿತು. ನಿಲ್ಲಿಸೋಣವೆಂದು ಯಾರೂ ಹೇಳಲಿಲ್ಲ, ಯಾರೂ ಬರಲಿಲ್ಲ ಅಷ್ಟೆ. ಗೋಲ್‌ಕೀಪರ್ ಊರಿನ ಇನ್ನೊಂದು ತುದಿಯ ಬೂನ್ ಲೇ ಕಡೆಗೆ ಶಿಫ್ಟ್ ಆದ. ಆಂಟಿ ಇನ್ನೂ ಅದೇ ಏಳನೇ ಮಹಡಿಯಲ್ಲಿದ್ದಾರೆ. ಅಂಗಡಿಯ ಬಳಿ, ಬಸ್ ಸ್ಟಾಪಿನಲ್ಲಿ ಸಿಕ್ಕಾಗಲೆಲ್ಲ ನಿಂತು ಮಾತಾಡಿಸುತ್ತಾರೆ, ಊಟ ಆಯಿತೇ ಎಂದು ಕೇಳುತ್ತಾರೆ. ಪ್ರತಿ ಸಲವೂ ಇವತ್ತು ಹೇಳಿಬಿಡುತ್ತೇನೆ ಅಂದುಕೊಳ್ಳುತ್ತೇನೆ, ಪ್ರತಿ ಸಲವೂ ಊಟ ಆಯಿತು ಎನ್ನುತ್ತೇನೆ. ಕೊನೆಗೆ ಆಕೆ ಓದಲಾರದ ಭಾಷೆಯಲ್ಲಿ ಇದನ್ನು ಬರೆಯುತ್ತಿದ್ದೇನೆ. ನನ್ನಿಂದಾದ ಧೈರ್ಯ ಇಷ್ಟೇ.

ನಮಗೇನು ಗೊತ್ತಿತ್ತು, ಎಲ್ಲರೂ ತಮಾಷೆ ಅಂದುಕೊಂಡೆವು ಎಂದು ಉಳಿದವರು ಹೇಳಬಹುದು; ಹೇಳಿ ನಿದ್ದೆ ಮಾಡಬಹುದು. ಎಲ್ಲಿ ನೋಡಬೇಕೆಂದು ಅವರು ಕಲಿಸಿದ್ದು ನನ್ನೊಬ್ಬನಿಗೆ. ಆ ಬೆಳಿಗ್ಗೆ ಓಡಿಬರುತ್ತಲೇ, ಕಾರ್ಡು ಎತ್ತುವ ಮೊದಲೇ, ಅಭ್ಯಾಸಬಲದಿಂದ ನಾನು ಅಲ್ಲೇ ನೋಡಿದ್ದೆ. ಎರಡೂ ಕೈಗಳು ಮೈಗೆ ಅಂಟಿಕೊಂಡೇ ಇದ್ದವು, ಅಂಗೈಗಳು ಆಕಾಶಕ್ಕೆ ತೆರೆದಿದ್ದವು. ಅವರು ಕೈ ಊರಿರಲಿಲ್ಲ. ಅದನ್ನು ನೋಡಿದ ಮೇಲೆಯೇ ನಾನು “ಒಂದು” ಎಂದದ್ದು.