ಗಾಜಿನ ಮನೆಯಲ್ಲಿ ಬಾಣಂತನ

ಇವತ್ತು ಬೆಳಿಗ್ಗೆ ಪಂಚಾಂಗದ ರಟ್ಟು ಕಿತ್ತುಬಂತು. ಮನೆಯಲ್ಲಿದ್ದ ಅಂಟು ಒಣಗಿಹೋಗಿತ್ತು. ನಾವೀಗ ಇರುವ ಈ ಜಾನ್ಸ್ ಕ್ರೀಕ್‌ನಲ್ಲಿ ಒಂದು ಟ್ಯೂಬ್ ಅಂಟಿಗೂ ಕಾರು ತೆಗೆಯಬೇಕು. ನನ್ನಂಥ ಸೋಮಾರಿಗೆ ಅದು ಆಗದ ಮಾತು. ಎರಡು ಚಮಚ ಮೈದಾವನ್ನು ನೀರಿನಲ್ಲಿ ಕದಡಿ ಒಲೆಯ ಮೇಲಿಟ್ಟೆ. ಅದು ಕುದಿದು ಗಟ್ಟಿಯಾಗುವಾಗ ಬರುವ ವಾಸನೆ ನಿಮಗೂ ಗೊತ್ತಿರಬಹುದು, ಶಾಲೆಯ ಪುಸ್ತಕಗಳಿಗೆ ಬೈಂಡು ಹಾಕಿದವರಿಗೆಲ್ಲ ಗೊತ್ತು. ನನಗೆ ಮಾತ್ರ ನನ್ನ ಬಾಣಂತನ ನೆನಪಾಯಿತು.

ತೊಂಬತ್ತರ ದಶಕದಲ್ಲಿ ನಾವು ವಾಷಿಂಗ್ಟನ್ ಹತ್ತಿರ, ಮೇರಿಲ್ಯಾಂಡ್ ಕಡೆ ಇದ್ದೆವು. ನನ್ನ ಗಂಡನಿಗೆ ಒಂದು ಲ್ಯಾಬಿನಲ್ಲಿ ಕೆಲಸ. ನಾವು ಬಾಡಿಗೆಗಿದ್ದ ಬಡಾವಣೆ ಸಾಮಾನ್ಯದ್ದಲ್ಲ. ಇನ್ನು ಮುಂದೆ ಮನುಷ್ಯರು ಹೇಗೆ ಬಾಳಬೇಕು ಎಂದು ಜನಕ್ಕೆ ತೋರಿಸಲಿಕ್ಕೆಂದೇ ಹಿಂದೆಂದೋ ಕೆಲವು ಆರ್ಕಿಟೆಕ್ಟ್‌ಗಳು ಸೇರಿ ಕಾಡಿನ ಇಳಿಜಾರಿನಲ್ಲಿ ಕಟ್ಟಿದ ಪ್ರದರ್ಶನದ ಮನೆಗಳವು. ಚಪ್ಪಟೆ ಸೂರು, ಗೋಡೆ ಇರಬೇಕಾದ ಕಡೆಯೆಲ್ಲ ನೆಲದಿಂದ ಸೂರಿನವರೆಗೆ ಗಾಜು. ಪ್ರದರ್ಶನ ಮುಗಿದ ಮೇಲೆ ಜನ ವಾಸಕ್ಕೆ ಬಂದರಂತೆ. ಆದರೂ ವರ್ಷಕ್ಕೊಂದು ಭಾನುವಾರ ಅವನ್ನು ನೋಡಲು ಬರುವವರಿಗೆ ತೋರಿಸುವ ಪದ್ಧತಿ ಉಳಿದಿತ್ತು. ಮನೆಯೊಡತಿ ಹೆಲೆನ್ ನಮಗೆ ಬಾಡಿಗೆ ಇಳಿಸಿದ್ದೇ ಆ ಷರತ್ತಿನ ಮೇಲೆ: ಅಂದು ಗಾಜಿಗೆ ಏನೂ ಅಡ್ಡ ಇರಕೂಡದು, ಇದ್ದರೆ ಲೀಸ್ ರದ್ದು. ನಾವು ಸರಿಯಾಗಿ ಓದದೆ ಸಹಿ ಹಾಕಿದೆವು. ಗಾಜಿನ ಮುಂದೆ ನಿಂತು ಫೋಟೋ ತೆಗೆದು ಊರಿಗೆ ಕಳಿಸಿದ್ದೇ ಕಳಿಸಿದ್ದು. ಜಂಬ, ಇನ್ನೇನು.

ಬಾಣಂತನಕ್ಕೆ ಮೈಸೂರಿನಿಂದ ಅಮ್ಮ ಬಂದಳು. ಬಾಣಂತಿಯ ಕೋಣೆಗೆ ಗಾಳಿ ಬೆಳಕು ತಾಗಬಾರದು, ಹೊರಗಿನವರ ಕಣ್ಣಂತೂ ಬೀಳಲೇಬಾರದು. ನಮ್ಮ ಕೋಣೆಯಲ್ಲಿ ಮಲಗಿದರೆ ಹಾದಿಯಲ್ಲಿ ನಾಯಿ ಅಡ್ಡಾಡಿಸುವವರು ಕೈಬೀಸುತ್ತಿದ್ದರು. ಪರದೆಗೆ ಕಂಬಿಯೇ ಇರಲಿಲ್ಲ. ಮಗುವನ್ನೆತ್ತಿಕೊಂಡು ಆಸ್ಪತ್ರೆಯಿಂದ ಬಂದರೆ ಕೋಣೆ ಕತ್ತಲು, ಮನೆಯೆಲ್ಲ ಮೈದಾ ವಾಸನೆ. ಅಮ್ಮ ಒಂದು ಪಾತ್ರೆ ಅಂಟು ಕಾಯಿಸಿ, ಭಾನುವಾರದ ದಪ್ಪ ಇಂಗ್ಲಿಷ್ ಪತ್ರಿಕೆಗಳನ್ನೂ ಉಪ್ಪಿನಕಾಯಿ ಬಾಟಲಿಗೆ ಸುತ್ತಿ ತಂದಿದ್ದ ಕನ್ನಡ ಪತ್ರಿಕೆಗಳನ್ನೂ ಗಾಜಿನ ತುಂಬ ಮೆತ್ತಿಬಿಟ್ಟಿದ್ದಳು.

ನಿಜ ಹೇಳುತ್ತೇನೆ, ನನಗೆ ಹಾಯೆನಿಸಿತು. ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಸಾಂಬ್ರಾಣಿ ಹೊಗೆ; ಹತ್ತು ದಿನ ಗಡದ್ದಾಗಿ ನಿದ್ದೆ ಮಾಡಿದೆ. ಆಮೇಲೆ ಹೆಲೆನ್‌ಳ ಚೀಟಿ ಬಂತು. ಬರುವ ಭಾನುವಾರವೇ ಆ ಭಾನುವಾರ.

"ಲೀಸ್ ಕ್ಯಾನ್ಸಲ್ ಮಾಡಿದ್ರೆ ಈ ಪಾಪು ಎತ್ಕೊಂಡು ಎಲ್ಲಿಗೆ ಹೋಗೋದು?" ಎಂದು ನನ್ನ ಗಂಡ ಬಿಳಿಚಿಕೊಂಡ. ಅವನ ವೀಸಾ ಮುಂದುವರಿಯುವುದೇ ಅನುಮಾನವಾಗಿತ್ತು. ಆ ಕಾಗದ ಕೈಗೆ ಬರುವವರೆಗೆ ನಮಗೆ ಇನ್ನೊಬ್ಬರು ಮನೆ ಕೊಡುವಂತಿರಲಿಲ್ಲ. ಆ ಒಂದು ದಿನ ಸ್ನೇಹಿತರ ಮನೆಗೆ ಹೋಗೋಣವೆಂದರೆ, ಹಸಿ ಬಾಣಂತಿ ಹೊಸಲು ದಾಟಲು ಅಮ್ಮ ಸುತರಾಂ ಒಪ್ಪಲಿಲ್ಲ.

ಶುಕ್ರವಾರ ಹೆಲೆನ್ ಮನೆ ನೋಡಲು ಬಂದಳು. ಎಪ್ಪತ್ತು ದಾಟಿದ ವಿಧವೆ. ಆ ಮನೆಯ ನಕ್ಷೆ ಬರೆದವನು ಅವಳ ಗಂಡ. ಕಾಗದ ಮೆತ್ತಿದ ಗಾಜನ್ನು ಹೊರಗಿನಿಂದಲೇ ಕಂಡು ನೇರ ಒಳಗೆ ನುಗ್ಗಿದಳು. ಮಲಗುವ ಕೋಣೆಯ ಬಾಗಿಲಿಗೆ ಅಮ್ಮ ಎರಡೂ ಕೈ ಅಡ್ಡವಿಟ್ಟು ನಿಂತಳು. ನಾನು ಮಗುವಿನೊಂದಿಗೆ ಅವಳ ಹಿಂದೆ.

"ಲಾಲ್‌ಬಾಗಿನ ಗಾಜಿನ ಮನೇಲಿ ಹೂವು ಇಡ್ತಾರೆ, ಬಾಣಂತೀನಲ್ಲ. ನನ್ನ ಮಗಳೇನು ಎಕ್ಸಿಬಿಷನ್ನಾ? ಆಗಲ್ಲ ಅಂತ ಹೇಳೇ ಅವಳಿಗೆ!"

ಹೆಲೆನ್ ನನ್ನತ್ತ ನೋಡಿದಳು. ಇಂಗ್ಲಿಷಿನಲ್ಲಿ ನಾನು ಏನೆಂದೆ ಗೊತ್ತೆ? "ಕಾಗದ ಅಂಟಿಸಿದ್ದಕ್ಕೆ ಅಮ್ಮ ಕ್ಷಮೆ ಕೇಳ್ತಿದ್ದಾರೆ. ನಾಳೆ ತೆಗೀತೀವಿ, ಎಲ್ಲರೂ ಬರಲಿ ಅಂತಿದ್ದಾರೆ," ಎಂದೆ. ಹೆಲೆನ್‌ಳ ಮುಖ ಅರಳಿತು. ಅಮ್ಮನ ಕೈ ಹಿಡಿದು ಕುಲುಕಿ ಹೋದಳು.

ಅಮ್ಮನ ಕಡೆ ತಿರುಗಿ, "ಎಲ್ಲಾ ಹೇಳ್ದೆ ಅಮ್ಮ, ಒಪ್ಪಲಿಲ್ಲ," ಎಂದೆ. ಶನಿವಾರ ಅಮ್ಮನೇ ನೀರು ಕಾಯಿಸಿದಳು. ಆ ಬಿಸಿನೀರಿನಿಂದಲೇ ನಾವು ಕಾಗದ ಕೆರೆದು ತೆಗೆದೆವು.

ಭಾನುವಾರ ಹತ್ತು ಗಂಟೆಗೆ ಜನ ಬರತೊಡಗಿದರು. ತೋಟದ ಹಾದಿಯಲ್ಲಿ ಬಂದು, ಗಾಜಿಗೆ ಹಣೆ ತಾಗಿಸಿ ನೋಡುವವರು, ಕ್ಯಾಮೆರಾದವರು. ಕೋಣೆಯ ಮೂಲೆಯ ಮಂಚದಲ್ಲಿ ನಾನು, ಮಡಿಲಲ್ಲಿ ಹದಿನಾರು ದಿನದ ಕೂಸು. ಅಮ್ಮ ಮಂಚದ ಪಕ್ಕ ನಿಂತು, ಮಡಿಚಿದ ಹಳೆಯ ಸೀರೆಯೊಂದರ ಎರಡು ತುದಿಯನ್ನು ಎರಡು ಕೈಯಲ್ಲಿ ಹಿಡಿದು, ನನ್ನ ಮತ್ತು ಗಾಜಿನ ನಡುವೆ ಚಾಚಿದಳು. ಜನ ಈ ಕಡೆಯಿಂದ ಬಂದರೆ ಈ ಕಡೆ, ಆ ಕಡೆಯಿಂದ ಬಂದರೆ ಆ ಕಡೆ. ಯಾವ ಕ್ಷಣ ಹೆಲೆನ್ ಬಂದು ಇದೂ ಅಡ್ಡವೇ ಎನ್ನುತ್ತಾಳೋ ಎಂದು ನಾನು ಬಾಗಿಲ ಕಡೆಗೇ ನೋಡುತ್ತಿದ್ದೆ. ಮಧ್ಯಾಹ್ನ ಬಂದೇ ಬಂದಳು. ಇದೇನೆಂದು ಕೇಳಿದಳು. "ನಮ್ಮ ಕಡೆ ಹೀಗೊಂದು ಪದ್ಧತಿ," ಎಂದೆ. ತುಂಬ ಹೊತ್ತು ಸೀರೆಯನ್ನೇ ನೋಡಿ, ಅದನ್ನು ತೆಗೆಸದೆ ಹೊರಟುಹೋದಳು. ಶುಕ್ರವಾರವೇ ನಿಜ ಹೇಳಿದ್ದರೆ ಒಪ್ಪುತ್ತಿದ್ದಳೋ ಏನೋ, ಇವತ್ತಿಗೂ ತಿಳಿಯದು. ನಾಲ್ಕು ಗಂಟೆಗೆ ಜನ ಬರುವುದು ನಿಂತಿತು. ಮನೆ ಉಳಿಯಿತು.

ಇಷ್ಟು ವರ್ಷ ನಾನು ಇದನ್ನು ಜಾಣತನವೆಂದೇ ಎಣಿಸಿಕೊಂಡಿದ್ದೆ. ಸ್ನೇಹಿತರ ಮುಂದೆ ತಮಾಷೆಯಾಗಿ ಹೇಳಿದ್ದೂ ಉಂಟು. ಇವತ್ತು ಯಾಕೋ ತಡೆಯಲಾಗಲಿಲ್ಲ. ಒಲೆ ಆರಿಸಿ ಮೈಸೂರಿಗೆ ಫೋನ್ ಮಾಡಿದೆ. ಅಮ್ಮ ಈಗ ನನ್ನ ತಂಗಿಯ ಮನೆಯಲ್ಲಿದ್ದಾಳೆ, ಕಿವಿ ಚುರುಕಾಗಿದೆ.

"ಅಮ್ಮ, ಅವತ್ತು ನೀನು ಹೇಳಿದ್ದನ್ನ ನಾನು ಹೆಲೆನ್‌ಗೆ ಹೇಳಲೇ ಇಲ್ಲ."

"ಗೊತ್ತು."

"ಹೇಗೆ?"

"ನಾನು ಬೈದೆ, ಅವಳು ನಕ್ಕಳು. ಬೈಸ್ಕೊಂಡು ಯಾರಾದ್ರೂ ಕೈ ಕುಲುಕ್ತಾರೇನೇ?"

"ಮತ್ತೆ ಯಾಕೆ ಸುಮ್ನಿದ್ದೆ?"

"ನಿನಗೆ ಹೋಗೋಕೆ ಬೇರೆ ಮನೆ ಇರಲಿಲ್ವಲ್ಲ."

ಆರು ಗಂಟೆ ಹೊತ್ತು ಚಾಚಿದ ಆ ಕೈಗಳ ಬಗ್ಗೆ ಒಂದು ದಿನವೂ ಕೇಳಿರಲಿಲ್ಲವೆಂದು ಆಗ ಹೊಳೆಯಿತು.

"ಕೈ ನೋಯ್ಲಿಲ್ವಾ ಅಮ್ಮ?"

"ನೋಯ್ತಿತ್ತು ಕಣೇ," ಎಂದಳು. "ತುಂಬಾ ನೋಯ್ತಿತ್ತು."